ಮಲಪನಗುಡಿಯ ದಾರಿಯಲ್ಲಿ ಕಲ್ಲು, ಬೆಲ್ಲ, ಗಾಜು

ಹೊಸಪೇಟೆಯಿಂದ ಹಂಪಿಗೆ ಹೊರಟ ಬಸ್ಸು ಅನಂತಶಯನಗುಡಿಯನ್ನು ದಾಟಿ ಸ್ವಲ್ಪ ಹೊತ್ತಿಗೆ ಮಲಪನಗುಡಿಯನ್ನು ಹಾಯುತ್ತದೆ. ವಿರೂಪಾಕ್ಷನ ಗೋಪುರ ಕಾಣುವ ಆತುರದಲ್ಲಿರುವ ಪ್ರವಾಸಿಗರು ಇಲ್ಲಿ ಇಳಿಯುವುದು ಕಡಿಮೆ. ಊರಿಗೆ ಹೆಸರು ಕೊಟ್ಟ ಮಲ್ಲಿಕಾರ್ಜುನನ ಗುಡಿ, ವಿಜಯನಗರ ಕಾಲದ ಕಮಾನುಗಳ ಬಾವಿ, ಕಾಲುವೆ ನೀರಿನ ಬಾಳೆ ಮತ್ತು ಕಬ್ಬಿನ ತೋಟಗಳು, ಅವುಗಳ ಹಿಂದೆ ಗುಡ್ಡೆಹಾಕಿದಂತಿರುವ ಹೆಬ್ಬಂಡೆಗಳು. ಇಷ್ಟನ್ನೂ ಕಿಟಕಿಯಿಂದಲೇ ನೋಡಿ ಮುಂದೆ ಸಾಗುತ್ತಾರೆ. ಆದರೆ ವಿಜ್ಞಾನ ಓದುವ ಮಕ್ಕಳಿಗೆ ಈ ದಾರಿಯಲ್ಲಿ ಒಂದು ಒಳ್ಳೆಯ ಪಾಠವಿದೆ.

ಮೊದಲು ಬಂಡೆಗಳನ್ನೇ ನೋಡಬಹುದು. ರಾಮನಗರದ ಕಡೆಯಿಂದ ಹಂಪಿಯವರೆಗೆ ಹಬ್ಬಿರುವ ಕ್ಲೋಸ್‌ಪೇಟೆ ಗ್ರಾನೈಟಿನ ವಯಸ್ಸು ಸುಮಾರು 250 ಕೋಟಿ ವರ್ಷ. ನೆಲದಾಳದಲ್ಲಿ ಕರಗಿದ ಶಿಲಾರಸ ಬಹಳ ನಿಧಾನವಾಗಿ ತಣಿದದ್ದರಿಂದ ಅದರ ಅಣುಗಳಿಗೆ ಸಾಲಾಗಿ ಜೋಡಣೆಗೊಳ್ಳಲು ಬೇಕಾದಷ್ಟು ಸಮಯ ಸಿಕ್ಕಿತು. ಒಡೆದ ಕಲ್ಲಿನಲ್ಲಿ ಮಿನುಗುವ ಹರಳುಗಳೇ ಅದಕ್ಕೆ ಸಾಕ್ಷಿ. ಅಂಥದೇ ಶಿಲಾರಸ ಜ್ವಾಲಾಮುಖಿಯ ಬಾಯಿಂದ ಹೊರಬಿದ್ದು ಥಟ್ಟನೆ ತಣಿದರೆ ಹರಳು ಕಟ್ಟುವುದಿಲ್ಲ, ಕಪ್ಪು ಗಾಜಾಗುತ್ತದೆ. ವಸ್ತು ಒಂದೇ, ತಣಿದ ರೀತಿ ಬೇರೆ.

ಇದೇ ಕತೆ ಕಬ್ಬಿನ ರಸದಲ್ಲೂ ಇದೆ. ಸಕ್ಕರೆ ಪಾಕದಲ್ಲಿ ದಾರ ಇಳಿಬಿಟ್ಟು ದಿನಗಟ್ಟಲೆ ಕಾದರೆ ಕಲ್ಲುಸಕ್ಕರೆ, ಅದು ಹರಳು. ಪಾಕವನ್ನು ಸುಮಾರು 150 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಸಿ ಬೇಗ ತಣಿಸಿದರೆ ಪೆಪ್ಪರ್‌ಮೆಂಟ್. ಅದು ಸಕ್ಕರೆಯ ಗಾಜು. ಪಾಕ ಹರಳುಗಟ್ಟದಿರಲೆಂದು ಮನೆಯಲ್ಲಿ ಅಮ್ಮ ಹಿಂಡುವ ನಿಂಬೆರಸ, ಕಾರ್ಖಾನೆಯವರು ಬೆರೆಸುವ ಗ್ಲುಕೋಸ್, ಎರಡೂ ಮಾಡುವುದು ಒಂದೇ ಕೆಲಸ. ಹೊಸಪೇಟೆ, ಕಂಪ್ಲಿ ಸೀಮೆಯ ಆಲೆಮನೆಗಳ ಬೆಲ್ಲದ ಅಚ್ಚಿನಲ್ಲಿ ಇವೆರಡೂ ಉಂಟು: ಸಣ್ಣ ಸಣ್ಣ ಹರಳುಗಳು ಮತ್ತು ಅವನ್ನು ಹಿಡಿದಿಟ್ಟ, ಹರಳಾಗದ ಅಂಟು ಭಾಗ.

ಗಾಜು ಹೊರಗಿನಿಂದ ಗಟ್ಟಿಯಾಗಿ ಕಂಡರೂ ಒಳಗೆ ನೆಮ್ಮದಿಯಿಲ್ಲ. ತಣಿಯುವ ಅವಸರದಲ್ಲಿ ಅದರ ಅಣುಗಳು ಸಿಕ್ಕಸಿಕ್ಕಲ್ಲಿ ನಿಂತುಬಿಟ್ಟಿವೆ. ಸಂತೆಯ ಬಸ್ಸಿನಲ್ಲಿ ನೂಕುನುಗ್ಗಲಿನಿಂದ ಹತ್ತಿದವರು ಆಮೇಲೆ ಮೆಲ್ಲಗೆ ಸರಿದು ಜಾಗ ಮಾಡಿಕೊಳ್ಳುವಂತೆ ಅವೂ ಸರಿಯುತ್ತವೆ. ಸರಿದಷ್ಟೂ ಸಂದು ಕಡಿಮೆ. ಸಂದು ಕಡಿಮೆಯಾದಷ್ಟೂ ಮುಂದಿನ ಸರಿದಾಟ ನಿಧಾನ. ಹೀಗಾಗಿ ಗಾಜಿಗೂ ವಯಸ್ಸಾಗುತ್ತದೆ.

ಸೇರಿನಲ್ಲಿ ಕಾಳು ಅಳೆಯುವವರಿಗೆ ಇದು ಹೊಸದಲ್ಲ. ತುಂಬಿದ ಸೇರನ್ನು ತಟ್ಟಿದರೆ ಕಾಳು ಇಳಿಯುತ್ತದೆ. ಕೊಳ್ಳುವವರು ‘ಇನ್ನೊಂದು ಸಲ ತಟ್ಟಪ್ಪಾ’ ಎನ್ನುತ್ತಾರೆ, ಮಾರುವವರು ‘ಸಾಕು ಬಿಡ್ರಿ’ ಎನ್ನುತ್ತಾರೆ. ಮೊದಲ ಪೆಟ್ಟಿಗೆ ಇಳಿದಷ್ಟು ಹತ್ತನೆಯದಕ್ಕೆ ಇಳಿಯುವುದಿಲ್ಲ. ಷಿಕಾಗೋದ ವಿಜ್ಞಾನಿಗಳು 1995ರಲ್ಲಿ ಗಾಜಿನ ಗುಂಡುಗಳನ್ನು ಕೊಳವೆಯಲ್ಲಿ ತುಂಬಿ ಸಾವಿರಾರು ಸಲ ಕುಲುಕಿ ನೋಡಿದಾಗ, ಗುಂಡುಗಳು ಮತ್ತಷ್ಟು ಕೂರಲು ಪ್ರತಿ ಸಲವೂ ಹಿಂದಿಗಿಂತ ಎಷ್ಟೋ ಪಟ್ಟು ಹೆಚ್ಚು ಕುಲುಕಬೇಕಾಯಿತು.

ಪ್ಲಾಸ್ಟಿಕ್ಕುಗಳಲ್ಲಿ ಈ ಮುಪ್ಪನ್ನು ವಿವರವಾಗಿ ಅಳೆದವರು ಹಾಲೆಂಡಿನ ಸ್ಟ್ರೂಯಿಕ್. ಅವರ ಗ್ರಂಥ 1978ರಲ್ಲಿ ಬಂತು. ಕಾಯಿಸಿ ತಣಿಸಿದ ಪಟ್ಟಿಯನ್ನು ಒಂದು ಗಂಟೆ ಬಿಟ್ಟು ಎಳೆದರೆ ಅದು ಹಿಗ್ಗುವ ವೇಗ ಒಂದು. ಹತ್ತು ಗಂಟೆ ಬಿಟ್ಟು ಎಳೆದರೆ ಅಷ್ಟೇ ಹಿಗ್ಗಲು ಹೆಚ್ಚುಕಡಿಮೆ ಹತ್ತು ಪಟ್ಟು ಹೊತ್ತು ಬೇಕು. ಆದರೆ ಮನುಷ್ಯರಿಗಿಲ್ಲದ ಒಂದು ಭಾಗ್ಯ ಗಾಜಿಗಿದೆ. ಮತ್ತೆ ಮೆದುವಾಗುವಷ್ಟು ಕಾಯಿಸಿ ತಣಿಸಿದರೆ ಈ ಮುಪ್ಪು ಅಳಿಸಿಹೋಗಿ ಎಣಿಕೆ ಮೊದಲಿನಿಂದ ಶುರುವಾಗುತ್ತದೆ. ಬಿಸಿಲಿಗೆ ಬಿದ್ದು ಬಿರುಕುಬಿಡುವ ಪ್ಲಾಸ್ಟಿಕ್ ಕೊಡದ ಮುಪ್ಪು ಮಾತ್ರ ಬೇರೆ. ಅಲ್ಲಿ ಅಣುಗಳ ಸರಪಳಿಯೇ ತುಂಡಾಗಿರುತ್ತದೆ, ಕಾಯಿಸಿದರೆ ಕೂಡಿಕೊಳ್ಳುವುದಿಲ್ಲ.

ಮಕ್ಕಳು ತರಗತಿಯಲ್ಲಿ ಕೇಳಿಬರುವ ಒಂದು ಮಾತನ್ನು ಇಲ್ಲಿ ತಿದ್ದಿಕೊಳ್ಳಬೇಕು. ಯುರೋಪಿನ ಹಳೆಯ ಚರ್ಚುಗಳ ಕಿಟಕಿ ಗಾಜು ಕೆಳಗೆ ದಪ್ಪಗಿರುವುದು ಅದು ಶತಮಾನಗಳಿಂದ ಹರಿದಿದ್ದಕ್ಕೆ ಎಂಬ ಮಾತು ಸರಿಯಲ್ಲ. ಆ ಕಾಲದಲ್ಲಿ ಗಾಜಿನ ಹಲಗೆಗಳನ್ನು ಸಮನಾಗಿ ಮಾಡಲು ಬರುತ್ತಿರಲಿಲ್ಲ. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯ ಗಾಜಿನಂಥದನ್ನೇ ತಯಾರಿಸಿ ಪರೀಕ್ಷಿಸಿದವರು 2017ರಲ್ಲಿ ಕೊಟ್ಟ ಲೆಕ್ಕದಂತೆ, ನೂರು ಕೋಟಿ ವರ್ಷ ಕಳೆದರೂ ಅದು ಹರಿಯುವುದು ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲಿನಷ್ಟು!

ಗಾಜಿನ ಗುಟ್ಟು ಇನ್ನೂ ಪೂರ್ತಿ ಬಿಡಿಸಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ.ಜೆ. ರಾವ್, ಚಂದನ್ ದಾಸ್‌ಗುಪ್ತ, ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ ಶ್ರೀಕಾಂತ್ ಶಾಸ್ತ್ರಿ ಇದರ ಬೆನ್ನು ಹತ್ತಿದವರು. ಇಟಲಿಯ ಜಾರ್ಜಿಯೊ ಪರೀಸಿ ಅವರಿಗೆ 2021ರ ನೊಬೆಲ್ ಬಹುಮಾನದಲ್ಲಿ ಅರ್ಧ ಪಾಲು ಬಂದದ್ದು ಇಂಥ ಅವ್ಯವಸ್ಥೆಯೊಳಗಿನ ನಿಯಮಗಳನ್ನು ಕಂಡದ್ದಕ್ಕೆ.

ಬೆಲ್ಲ ಮಾಡುವ ರೈತನಿಗೆ ಇದು ಬರಿಯ ಪುಸ್ತಕದ ಮಾತಲ್ಲ. ಒಳ್ಳೆಯ ಧಾರಣೆ ಬರಲೆಂದು ಅಚ್ಚುಗಳನ್ನು ಪೇರಿಸಿಟ್ಟಾಗ ಮಳೆಗಾಲ ಬಂದರೆ ಗಾಳಿಯ ತೇವ ಬೆಲ್ಲದೊಳಕ್ಕೆ ಇಳಿಯುತ್ತದೆ. ಒಣಗಿದ ಸಕ್ಕರೆ ಗಾಜು ಮೆದುವಾಗಲು ಸುಮಾರು 60–70 ಡಿಗ್ರಿ ಶಾಖ ಬೇಕು. ನೂರರಲ್ಲಿ ಮೂರು ನಾಲ್ಕು ಪಾಲು ನೀರು ಸೇರಿದರೆ ಮನೆಯೊಳಗಿನ ಬಿಸಿಯೇ ಸಾಕು. ಅಂಟು ಭಾಗ ಸಡಿಲವಾಗುತ್ತದೆ, ಅಚ್ಚು ಬೆವರುತ್ತದೆ, ಬಣ್ಣ ಕಂದುತ್ತದೆ, ಮಾರುಕಟ್ಟೆಯಲ್ಲಿ ಬೆಲೆ ಇಳಿಯುತ್ತದೆ. ವರ್ಷದ ದುಡಿಮೆಯನ್ನು ಕಾಯುವುದೆಂದರೆ ಇಲ್ಲಿ ತೇವವನ್ನು ದೂರವಿಡುವುದು.

ತಂದೆತಾಯಿಗಳು ಮಕ್ಕಳಿಂದ ಮನೆಯಲ್ಲೇ ಇದನ್ನು ಮಾಡಿಸಬಹುದು. ಮಳೆಗಾಲದಲ್ಲಿ ಒಂದು ತಟ್ಟೆಯಲ್ಲಿ ಕಾಗದ ಬಿಚ್ಚಿದ ಪೆಪ್ಪರ್‌ಮೆಂಟ್, ಕಲ್ಲುಸಕ್ಕರೆಯ ತುಂಡು, ಬೆಲ್ಲದ ಚೂರು ಇಟ್ಟು ವಾರವಿಡೀ ನೋಡಿ ಬರೆದಿಡಲಿ. ಯಾವುದು ಮೊದಲು ಅಂಟಾಯಿತು, ಯಾವುದು ಹಾಗೇ ಉಳಿಯಿತು ಎಂಬುದು ತಿಳಿಯುತ್ತದೆ. ಮುಂದಿನ ಸಲ ಹಂಪಿಗೆ ಹೋಗುವಾಗ ಮಲಪನಗುಡಿಯಲ್ಲಿ ಇಳಿದು, ಆ ಬಂಡೆಗಳ ಹರಳುಗಳನ್ನೂ ಬೆರಳಿನಿಂದ ಮುಟ್ಟಿ ನೋಡಲಿ.