ಕಾಕಾನ ಲಾರಿಗೆ ರೇಡಿಯೊ

ಯಾದಗಿರಿ ಹೊಸ ಜಿಲ್ಲೆಯಾದದ್ದು 2009ರ ಡಿಸೆಂಬರ್ ಕೊನೆಗೆ. ಅದರ ಮರುವರ್ಷ ನಮ್ಮ ಕಾಕಾನ ಲಾರಿಗೆ ರೇಡಿಯೊ ಬಂತು. ಊರಿಗೆ ಮೊದಲನೆಯದು ದೊಡ್ಡ ಸುದ್ದಿ, ನಮ್ಮ ಮನೆಗೆ ಎರಡನೆಯದು.

ಅದು ಎರಡು ಬ್ಯಾಟರಿಯ ಹಳೆಯ ಟಾಟಾ ಲಾರಿ. ಶಹಾಪುರ, ಸುರಪುರದ ಕಡೆಯ ಹತ್ತಿ, ತೊಗರಿ ಹೇರಿಕೊಂಡು ಹೆಚ್ಚಾಗಿ ರಾತ್ರಿಯೇ ಹೊರಡುತ್ತಿತ್ತು. ಡ್ಯಾಶ್‌ಬೋರ್ಡ್ ಎಂದರೆ ಒಂದು ತಗಡು, ನಾಲ್ಕು ದುಂಡು ಮೀಟರು, ಒಂದು ದೇವರ ಫೋಟೊ. ಹಾಡುವ ಪೆಟ್ಟಿಗೆ ಬೇಕೆಂದು ಯಾರಿಗೂ ಅನಿಸಿರಲಿಲ್ಲ. ಕಾಕಾನ ಪಕ್ಕದಲ್ಲಿ ಯಾವಾಗಲೂ ಒಬ್ಬ ಕ್ಲೀನರ್ ಇರುತ್ತಿದ್ದ. ಟೈರಿನ ಗಾಳಿ ನೋಡುವುದು, ಹಿಂದಕ್ಕೆ ತಗೊಳ್ಳುವಾಗ ದಾರಿ ತೋರಿಸುವುದು ಅವನ ಕೆಲಸ. ಸಂಬಳದಲ್ಲಿ ಲೆಕ್ಕವಿಲ್ಲದ ಇನ್ನೊಂದು ಕೆಲಸವೂ ಇತ್ತು: ರಾತ್ರಿಯೆಲ್ಲ ಮಾತಾಡುತ್ತಾ ಕಾಕಾನನ್ನು ಎಚ್ಚರವಿಡುವುದು.

ಡೀಸೆಲ್ ದರ ಏರಿತು, ಬಾಡಿಗೆ ಅದರ ಸಮಕ್ಕೆ ಏರಲಿಲ್ಲ. ಕೊನೆಯ ಕ್ಲೀನರ್ ಹುಡುಗ ದುಡಿಯಲು ಬೇರೆ ಊರಿಗೆ ಹೋದ ಮೇಲೆ ಕಾಕಾ ಒಬ್ಬನೇ ಉಳಿದ. ಒಂದು ರಾತ್ರಿ ದೋರನಹಳ್ಳಿಯ ಹತ್ತಿರ ಲಾರಿಯ ಗಾಲಿ ಡಾಂಬರಿನಿಂದ ಕೆಳಗಿಳಿದು, ಧಡ್ ಎಂದು ಮತ್ತೆ ಮೇಲೆ ಹತ್ತಿತು. ಯಾರಿಗೂ ಏನೂ ಆಗಲಿಲ್ಲ. ಮನೆಗೆ ಬಂದ ಕಾಕಾ ಹೇಳಿದ್ದು ಇಷ್ಟೇ: “ಮಾತಾಡೋರು ಯಾರೂ ಇಲ್ಲಪಾ. ಒಂದು ರೇಡಿಯೊ ಹಾಕ್ಸೂಣು.”

ಅಂಗಡಿಯವರು ತೋರಿಸಿದ ಹೊಸ ಸೆಟ್ಟುಗಳಲ್ಲಿ ಬಣ್ಣದ ದೀಪ, ಪೆನ್‌ಡ್ರೈವಿನ ಕಿಂಡಿ, ಎಫ್ಎಂ ಎಲ್ಲ ಇದ್ದವು. ಕಾಕಾನದು ಒಂದೇ ಪ್ರಶ್ನೆ: “ಇದರಾಗ ಕಲಬುರ್ಗಿ ಬರ್ತದೇನು?”

ಆಕಾಶವಾಣಿಯ ಕಲಬುರ್ಗಿ ಕೇಂದ್ರ ಶುರುವಾದದ್ದು 1966ರಲ್ಲಿ. ಮಧ್ಯಮ ತರಂಗದ 1107 ಕಿಲೋಹರ್ಟ್ಸ್ ಅದರ ವಿಳಾಸ. ನಮ್ಮ ಕಡೆಯ ಅಜ್ಜ-ಅಜ್ಜಿಯರಿಗೆ ರೇಡಿಯೊ ಎಂದರೆ ಅದೇ. ಎಫ್ಎಂ ದನಿ ಸ್ವಚ್ಛ, ಆದರೆ ಅದರ ಅಲೆ ಹೆಚ್ಚು ಕಡಿಮೆ ನೇರ ಗೆರೆಯಲ್ಲಿ ಸಾಗುತ್ತದೆ. ಗುಡ್ಡ ಅಡ್ಡ ಬಂದರೆ, ಗೋಪುರ ದೂರವಾದರೆ ಮಂಕಾಗುತ್ತದೆ. ಮಧ್ಯಮ ತರಂಗ ಹಾಗಲ್ಲ. ಅದು ನೆಲ ಹಿಡಿದು, ಭೂಮಿಯ ಬಾಗಿಗೆ ತಾನೂ ಬಾಗಿ ಬರುತ್ತದೆ. ಕತ್ತಲಾದ ಮೇಲೆ ಮೇಲಿನ ಅಯಾನುಗೋಳಕ್ಕೆ ಬಡಿದು ಹಿಂದಿರುಗಿ ಇನ್ನೂ ದೂರ ಹೋಗುತ್ತದೆ. ರಾತ್ರಿ ಹೈದರಾಬಾದ್ ಕೇಂದ್ರವೂ ನಮ್ಮೂರಿನಲ್ಲಿ ಗಟ್ಟಿಯಾಗಿ ಕೇಳುವುದು ಇದೇ ಕಾರಣಕ್ಕೆ. ಆದ್ದರಿಂದ ದೀಪ ಕಡಿಮೆಯಿದ್ದರೂ ಎರಡೂ ಹಿಡಿಯುವ ಸೆಟ್ಟು ತಂದೆವು.

ಕೂಡಿಸುವ ಮೇಸ್ತ್ರಿಗಳಲ್ಲಿ ಮೊದಲನೆಯವರು ಅರ್ಧ ಗಂಟೆಯ ಕೆಲಸ ಎಂದರು. ಲಾರಿಯಲ್ಲಿ 12 ವೋಲ್ಟಿನ ಎರಡು ಬ್ಯಾಟರಿ ಸಾಲಾಗಿ ಕೂಡಿ 24 ವೋಲ್ಟ್ ಆಗುತ್ತದೆ. ರೇಡಿಯೊಗೆ ಬೇಕಾದದ್ದು 12. “ಒಂದೇ ಬ್ಯಾಟರಿಯಿಂದ ವೈರ್ ಎಳೆದರಾಯ್ತು” ಎಂಬುದು ಅವರ ಲೆಕ್ಕ. ಕೂಡು-ಕಳೆ ಸರಿಯಿದೆ, ಬ್ಯಾಟರಿಗೆ ಅದು ಸರಿಯಲ್ಲ. ರೇಡಿಯೊ ಒಂದೇ ಬ್ಯಾಟರಿಯನ್ನು ಹೀರುತ್ತದೆ; ಚಾರ್ಜ್ ಮಾತ್ರ ಎರಡಕ್ಕೂ ಒಟ್ಟಿಗೇ ಆಗುತ್ತದೆ. ದಿನ ಕಳೆದಂತೆ ಒಂದು ಹಸಿದಿರುತ್ತದೆ, ಇನ್ನೊಂದು ಅಜೀರ್ಣವಾಗಿ ನೀರು ಕುದಿಸುತ್ತದೆ. ಕೊನೆಗೊಂದು ನಡುರಾತ್ರಿ, ಯಾವುದೋ ಬಯಲಿನಲ್ಲಿ, ಲೋಡಿನ ಲಾರಿ ಸ್ಟಾರ್ಟ್ ಆಗುವುದಿಲ್ಲ.

ಎರಡನೆಯ ಮೇಸ್ತ್ರಿಗೆ ವಯಸ್ಸಾಗಿತ್ತು, ಅವಸರವಿರಲಿಲ್ಲ. 24ನ್ನು 12ಕ್ಕೆ ಇಳಿಸುವ ಕನ್ವರ್ಟರ್ ತರಿಸಿದರು. ಡ್ಯಾಶ್‌ಬೋರ್ಡಿನ ತಗಡು ಕೊರೆಯುವ ಮೊದಲು ಹಿಂದೆ ಕೈ ಹಾಕಿ ವೈರು, ಪೈಪು ಎಲ್ಲೆಲ್ಲಿವೆ ಎಂದು ತಡವಿ ನೋಡಿದರು. ಕಾಕಾನನ್ನು ಸೀಟಿನಲ್ಲಿ ಕೂರಿಸಿ, “ಕಣ್ಣು ರಸ್ತಿ ಮ್ಯಾಲಿರ್ಲಿ, ಕೈ ಚಾಚು” ಎಂದರು. ಬೆರಳು ಮುಟ್ಟಿದ ಜಾಗಕ್ಕೆ ಸೀಮೆಸುಣ್ಣದ ಗುರುತು ಬಿತ್ತು. 18 ಸೆಂಟಿಮೀಟರ್ ಉದ್ದ, 5 ಸೆಂಟಿಮೀಟರ್ ಎತ್ತರದ ಕಿಂಡಿ ಅಲ್ಲೇ ಆಯಿತು. ಕೊರೆದ ಅಂಚನ್ನು ಅರದಿಂದ ಉಜ್ಜಿ ನುಣುಪು ಮಾಡಿದರು, ವೈರ್ ಕೊಯ್ಯಬಾರದೆಂದು.

ಮಕ್ಕಳಿಗೆ ಆ ಬಣ್ಣದ ವೈರುಗಳ ಲೆಕ್ಕ ಗೊತ್ತಿರಲಿ. ಕೆಂಪು ವೈರ್ ಕೀಲಿಗೆ. ಕೀಲಿ ತಿರುಗಿಸಿದರೆ ರೇಡಿಯೊ ಬರುತ್ತದೆ, ತೆಗೆದರೆ ನಿಲ್ಲುತ್ತದೆ. ಹಳದಿ ವೈರ್ ನೆನಪಿನದು. ಗಡಿಯಾರ, ಕೇಂದ್ರಗಳ ಗುರುತು ಅಳಿಸದಂತೆ ಕಾಯುತ್ತದೆ. ಕಪ್ಪು ವೈರ್ ಬಾಡಿಗೆ, ಅದೂ ಬಣ್ಣ ಕೆರೆದು ಹೊಳೆಯುವ ಕಬ್ಬಿಣಕ್ಕೆ. ಬ್ಯಾಟರಿಯ ಹತ್ತಿರವೇ ಒಂದು ಫ್ಯೂಸ್. ಮುಂದೆ ಎಲ್ಲಾದರೂ ವೈರ್ ಸವೆದು ತಗಡಿಗೆ ತಾಗಿದರೆ ಮೊದಲು ಫ್ಯೂಸ್ ಸುಡಬೇಕು. ಇಲ್ಲದಿದ್ದರೆ ವೈರ್ ಸುಡುತ್ತದೆ, ಹಿಂದೆ ಇರುವುದು ಹತ್ತಿ.

ಸಂಜೆ ಎಂಜಿನ್ ಹಾಕಿ ನೋಡಿದರೆ ರೇಸ್ ಏರಿದಂತೆ ರೇಡಿಯೊದಲ್ಲಿ ಕುಂಯ್ ಎನ್ನುವ ಸದ್ದೂ ಏರುತ್ತಿತ್ತು. ಆಂಟೆನಾ ವೈರನ್ನು ಬೇರೆ ವೈರುಗಳಿಂದ ದೂರ ಸರಿಸಿ, ಅದರ ಬುಡದ ಬಣ್ಣ ಕೆರೆದು ಮತ್ತೆ ಬಿಗಿದಾಗ ಸದ್ದು ತಗ್ಗಿತು. ಕಲಬುರ್ಗಿ ಕೇಂದ್ರ ಮಾತಾಡಿತು. ಕಾಕಾ ತಲೆದೂಗಿದ. ಮೇಸ್ತ್ರಿ ಮಾತ್ರ ಕೈ ಒರೆಸಿಕೊಳ್ಳುತ್ತಾ, “ಕ್ಲೀನರ್ ಹುಡುಗ ನಿನ್ನ ಮಾರಿ ನೋಡಿ ಮಾತಾಡ್ತಿದ್ದ. ಇದು ನಿನ್ನ ಮಾರಿ ನೋಡಂಗಿಲ್ಲ” ಎಂದರು.

ಆ ಮಾತು ನಮಗೆಲ್ಲ ನಾಟಿತು. ಕಣ್ಣು ಮುಚ್ಚುತ್ತಿದ್ದರೆ ಹುಡುಗ ಭುಜ ಅಲುಗಿಸುತ್ತಿದ್ದ. ರೇಡಿಯೊ ಹಾಡುತ್ತಲೇ ಇರುತ್ತದೆ. ಹಾಡು ಕೇಳುತ್ತಾ ನಿದ್ದೆ ಹೋಗುವುದು ತೊಟ್ಟಿಲಲ್ಲಿದ್ದಾಗಿನಿಂದ ನಮಗೆಲ್ಲ ರೂಢಿ. ಅಲ್ಲದೆ ರಾತ್ರಿ ಹನ್ನೊಂದರ ಆಸುಪಾಸಿಗೆ ಕಲಬುರ್ಗಿ ಕೇಂದ್ರವೂ ಆ ದಿನದ ಕಾರ್ಯಕ್ರಮ ಮುಗಿಸುತ್ತಿತ್ತು. ನಿದ್ದೆ ಹೆಚ್ಚು ಕಾಡುವುದು ಅದಾದ ಮೇಲೆ, ಎರಡರಿಂದ ಬೆಳಗಿನ ಜಾವದವರೆಗೆ.

ಉಪಾಯ ಹೇಳಿದ್ದು ಕಾಕೂ. “ರೇಡಿಯೊ ಮಲಗಿದ ಮ್ಯಾಲೆ ಲಾರಿನೂ ಮಲಗ್ಬೇಕು.” ಕಾಕಾ ಮೊದಲು ಗೊಣಗಿದ. ತಡವಾದರೆ ಬಾಡಿಗೆ ಹೋಗುತ್ತದೆ ಎಂದ. “ಜಿನ್ನಿಂಗ್ ಬಾಗಿಲಾ ತೆಗೆಯೋದು ಮುಂಜಾನಿಗೇ ಹೌದಲ್ಲೋ?” ಎಂದು ಕಾಕೂ ಕೇಳಿದಾಗ ಅವನಲ್ಲಿ ಉತ್ತರವಿರಲಿಲ್ಲ. ಕೆಲವು ಬಾಡಿಗೆ ನಿಜಕ್ಕೂ ಕೈತಪ್ಪಿದವು. ಮನೆಯಲ್ಲಿ ಯಾರೂ ಅದನ್ನು ಎತ್ತಿ ಆಡಲಿಲ್ಲ.

ಅಂದಿನಿಂದ ಕೇಂದ್ರ ಮೌನವಾದ ಮೇಲೆ ಸಿಕ್ಕ ಮೊದಲ ಢಾಬಾ ಅಥವಾ ಪೆಟ್ರೋಲ್ ಬಂಕಿನಲ್ಲಿ ಲಾರಿ ನಿಲ್ಲುತ್ತಿತ್ತು. ಬೆಳಿಗ್ಗೆ ಕೀಲಿ ತಿರುಗಿಸಿದರೆ ಮೊದಲು ಬರುತ್ತಿದ್ದುದು ಆಕಾಶವಾಣಿಯ ಆ ಹಳೆಯ ರಾಗ. ಯುರೋಪಿನಿಂದ ಮುಂಬೈಗೆ ಬಂದು ನೆಲೆಸಿದ್ದ ವಾಲ್ಟರ್ ಕೌಫ್‌ಮನ್ 1930ರ ದಶಕದಲ್ಲಿ ಕಟ್ಟಿದ ರಾಗ ಅದು. ಕಾಕಾನಿಗೆ ಆ ಹೆಸರು ಗೊತ್ತಿರಲಿಲ್ಲ. ಆ ದನಿ ಬಂದ ಕೂಡಲೇ ಮುಖ ತೊಳೆದು, ಒಂದು ಚಹಾ ಕುಡಿದು, ಶಹಾಪುರದ ದಾರಿ ಹಿಡಿಯುತ್ತಿದ್ದ.