ಪ್ರಶ್ನೆ ಚಿಹ್ನೆ ಮತ್ತು ಕೋಲನ್

ಸಿ ಭಾಷೆಯಲ್ಲಿ ಮೂರು ಆಪರೆಂಡ್‌ಗಳನ್ನು ಬೇಡುವ ಆಪರೇಟರ್ ಒಂದೇ ಒಂದು. ಅದು ಕಂಡೀಷನಲ್ ಆಪರೇಟರ್. ನಮ್ಮ ತರಗತಿಯಲ್ಲಿ ಹೆಚ್ಚಿನವರು ಅದನ್ನು ‘ಇಫ್-ಎಲ್ಸ್‌ನ ಶಾರ್ಟ್‌ಕಟ್’ ಎಂದು ಬರೆದು, ಅಂಕ ಪಡೆದು ಮುಂದೆ ಹೋಗುತ್ತಾರೆ. ಅಂಕ ಸಿಗುತ್ತದೆ, ಆದರೆ ಆ ಉತ್ತರ ಅರ್ಧ ಮಾತ್ರ ಸರಿ ಎಂದು ನನಗನ್ನಿಸುತ್ತದೆ.

ದೊಡ್ಡದು = (ಎ > ಬಿ) ? ಎ : ಬಿ;

ಪ್ರಶ್ನೆ ಚಿಹ್ನೆಯ ಮೊದಲು ಇರುವುದು ಷರತ್ತು. ಅದು ನಿಜವಾದರೆ ಕೋಲನ್‌ನ ಎಡಗಡೆಯದ್ದು, ಸುಳ್ಳಾದರೆ ಬಲಗಡೆಯದ್ದು. ಇಷ್ಟನ್ನು ಇಫ್-ಎಲ್ಸ್ ಕೂಡ ಮಾಡುತ್ತದೆ. ಆದರೆ ಇಫ್-ಎಲ್ಸ್ ಒಂದು ಸ್ಟೇಟ್‌ಮೆಂಟ್. ಅದು ಕೆಲಸ ಮಾಡಿಸುತ್ತದೆ, ನಮ್ಮ ಕೈಗೆ ಏನನ್ನೂ ಕೊಡುವುದಿಲ್ಲ. ಕಂಡೀಷನಲ್ ಆಪರೇಟರ್ ಬಳಸಿದರೆ ಸಿಗುವುದು ಒಂದು ಎಕ್ಸ್‌ಪ್ರೆಶನ್, ಅಂದರೆ ಕೊನೆಯಲ್ಲಿ ಒಂದು ಮೌಲ್ಯ ಉಳಿಯುತ್ತದೆ. ಹಾಗಾಗಿ ಅದನ್ನು ಪ್ರಿಂಟ್‌ಎಫ್‌ನ ಕಂಸದೊಳಗೂ ಇಡಬಹುದು, ರಿಟರ್ನ್‌ನ ಮುಂದೆಯೂ ಇಡಬಹುದು. ಅಲ್ಲಿ ಇಫ್ ಬರೆದು ನೋಡಿ, ಕಂಪೈಲರ್ ಒಪ್ಪುವುದಿಲ್ಲ. (ಈ ಚಿಹ್ನೆಗಳನ್ನು ಸಿ ಹೊಸದಾಗಿ ಕಂಡುಹಿಡಿದದ್ದಲ್ಲ. ಡೆನಿಸ್ ರಿಚಿ ಸಿ ರೂಪಿಸುವ ಮೊದಲು ಬೆಲ್ ಲ್ಯಾಬ್ಸ್‌ನಲ್ಲಿದ್ದ ಬಿ ಭಾಷೆಯಲ್ಲೇ ಇವು ಇದ್ದವು.)

ನಾನು ಇದನ್ನು ರಮ್ಜಾನ್ ತಿಂಗಳ 29ನೇ ಸಂಜೆಯ ಲೆಕ್ಕದಲ್ಲಿ ನೆನಪಿಟ್ಟುಕೊಂಡಿದ್ದೇನೆ. ಚಾಂದ್ರಮಾನ ತಿಂಗಳಿಗೆ 29 ದಿನ ಅಥವಾ 30 ದಿನ, ಮೂರನೆಯ ದಾರಿ ಇಲ್ಲ.

ನಾಳೆ = ಚಂದ್ರ_ಕಂಡಿತು ? ಈದ್ : ಕೊನೆಯ_ರೋಜಾ;

ಎರಡೂ ಕಡೆ ಇರುವುದು ‘ದಿನ’ವೇ ಎಂಬುದನ್ನು ಗಮನಿಸಿ. ಒಂದು ಕಡೆ ಸಂಖ್ಯೆ, ಇನ್ನೊಂದು ಕಡೆ ಸ್ಟ್ರಿಂಗ್ ಇಟ್ಟರೆ ಕಂಪೈಲರ್ ತಕರಾರು ತೆಗೆಯುತ್ತದೆ. ನಮ್ಮ ತಂದೆ ದುಬೈಯಲ್ಲಿದ್ದಾರೆ. ಕೆಲವು ವರ್ಷ ಅವರು ಈದ್ ಮುಬಾರಕ್ ಹೇಳಲು ಫೋನ್ ಮಾಡುವಾಗ ಭಟ್ಕಳದಲ್ಲಿ ನಾವು ರೋಜಾದಲ್ಲಿರುತ್ತೇವೆ. ಸಾಲು ಅದೇ, ಷರತ್ತಿನ ಉತ್ತರ ಮಾತ್ರ ಬೇರೆ.

ಇನ್ನೊಂದು ವಿಷಯ ನನಗೆ ಇದಕ್ಕಿಂತ ಮುಖ್ಯ. ಸಿ ಮೊದಲು ಷರತ್ತನ್ನು ಪೂರ್ತಿ ನೋಡುತ್ತದೆ. ಆಮೇಲೆ ಎರಡರಲ್ಲಿ ಒಂದನ್ನು ಮಾತ್ರ ಲೆಕ್ಕ ಹಾಕುತ್ತದೆ, ಇನ್ನೊಂದನ್ನು ಮುಟ್ಟುವುದೇ ಇಲ್ಲ. ಎಡಗಡೆ ಐ++, ಬಲಗಡೆ ಜೆ++ ಇದ್ದರೆ ಹೆಚ್ಚುವುದು ಒಂದೇ. ಇದರಿಂದ ಲಾಭವೂ ಇದೆ. (ಬಿ != 0) ? ಎ / ಬಿ : 0 ಎಂದು ಬರೆದರೆ, ಬಿ ಸೊನ್ನೆಯಾದಾಗ ಭಾಗಾಕಾರ ನಡೆಯುವುದೇ ಇಲ್ಲ. ನಮ್ಮ ತಾಯಿಗೆ ಈ ಸೌಲಭ್ಯ ಇಲ್ಲ. ಆ ಸಂಜೆ ಮಗ್ರಿಬ್ ಆದ ಮೇಲೆ ಸುದ್ದಿ ಬರುವ ತನಕ ಸಹರಿಯ ಅಡುಗೆಗೂ ತಯಾರಿರಬೇಕು, ಹಬ್ಬದ ಶೀರ್ ಖುರ್ಮಾಕ್ಕೂ ಖರ್ಜೂರ, ಗೋಡಂಬಿ ಹೆಚ್ಚಿಟ್ಟಿರಬೇಕು. ಅವರು ಕೋಲನ್‌ನ ಎರಡೂ ಬದಿಯ ಕೆಲಸವನ್ನು ಮೊದಲೇ ಮಾಡಿ, ಷರತ್ತಿನ ಉತ್ತರಕ್ಕೆ ಕಾಯುತ್ತಾರೆ.

ಹಾಗೆಂದು ಎಲ್ಲ ಕಡೆ ಇದನ್ನೇ ತುರುಕುವವರನ್ನು ನಾನು ಮೆಚ್ಚುವುದಿಲ್ಲ. ಹೊನ್ನಾವರದ ಕಾಸರಕೋಡಿನಲ್ಲಾಗಲಿ, ಕುಮಟಾದ ತದಡಿಯಲ್ಲಾಗಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳು ಮೀನುಗಾರಿಕೆಗೆ ಹೋಗುವಂತಿಲ್ಲ. ಯಂತ್ರವಿಲ್ಲದ ನಾಡದೋಣಿಗೆ ಆ ನಿಷೇಧ ಇಲ್ಲ. ಇದನ್ನು ಒಂದೇ ಸಾಲಿನಲ್ಲಿ ಬರೆದರೆ ಹೀಗಾಗುತ್ತದೆ:

ಜಾಗ = (ತಿಂಗಳು == 6 || ತಿಂಗಳು == 7) ? (ಯಂತ್ರ ? ದಡ : ಕಡಲು) : ಕಡಲು;

ತಪ್ಪೇನಿಲ್ಲ, ಓಡುತ್ತದೆ. ಆದರೆ ಇದಕ್ಕೆ ಇನ್ನೊಂದು ಷರತ್ತು ಸೇರಿಸಿ, ಗಾಳಿ-ಮಳೆಯ ಎಚ್ಚರಿಕೆ ಬಂದರೆ ನಾಡದೋಣಿಯೂ ದಡದಲ್ಲೇ ಎಂದು. ಯಾವ ಕೋಲನ್ ಯಾವ ಪ್ರಶ್ನೆಗೆ ಸೇರಿದ್ದು ಎಂದು ಬೆರಳಿಟ್ಟು ಎಣಿಸಬೇಕಾಗುತ್ತದೆ. ಅಂಥಲ್ಲಿ ನಾನು ಇಫ್-ಎಲ್ಸ್ ಬರೆಯುತ್ತೇನೆ. ನಾಲ್ಕು ಸಾಲು ಹೆಚ್ಚಾಗಲಿ. ಹಿಂದಿನ ರಾತ್ರಿ ರೆಕಾರ್ಡ್ ಪುಸ್ತಕ ನೋಡಿ ಬರೆದುಕೊಳ್ಳುವ ಗೆಳೆಯರಿಗೂ ಅರ್ಥವಾಗಬೇಕಲ್ಲ!