ತಲಪಾಡಿಯ ಮೇಲಿಂದ ಹಾರಿದರೆ
ಕರೆಂಟಿನ ಹಾರುವ ಕಾರಿನ ಬಗ್ಗೆ ಮಿಶಿಗನ್ ವಿಶ್ವವಿದ್ಯಾಲಯ ಮತ್ತು ಫೋರ್ಡ್ ಕಂಪೆನಿಯವರು 2019ರಲ್ಲಿ ಒಂದು ಲೆಕ್ಕ ಪ್ರಕಟಿಸಿದ್ದರು. ನೆಟ್ಟಗೆ ಮೇಲೇಳುವುದಕ್ಕೇ ಬ್ಯಾಟರಿ ಹೆಚ್ಚು ಖಾಲಿಯಾಗುತ್ತದೆ, ರೆಕ್ಕೆಯ ಮೇಲೆ ಸಾಗುವಾಗ ಖರ್ಚು ಕಡಿಮೆ. ಹಾಗಾಗಿ 35 ಕಿ.ಮೀ. ಒಳಗೆ ಪೆಟ್ರೋಲ್ ಕಾರೇ ವಾಸಿ. 100 ಕಿ.ಮೀ.ಗೆ, ಪೈಲಟ್ ಜೊತೆ ಮೂವರು ಕೂತರೆ, ಒಂದಿಬ್ಬರಿರುವ ಪೆಟ್ರೋಲ್ ಕಾರಿಗಿಂತ ಇಂಗಾಲದ ಮಾಲಿನ್ಯ ಶೇ. 52 ಕಡಿಮೆ, ಕರೆಂಟ್ ಕಾರಿಗಿಂತ ಬರೀ ಶೇ. 6. ಪೈಲಟ್ ಒಬ್ಬನೇ ಹೋದರೆ ಕರೆಂಟ್ ಕಾರೇ ಮೇಲು.

ಅಂಗಡಿಯಲ್ಲಿ ಉಪ್ಪನಿಗೆ ಹೇಳಿದೆ. “ಖಾಲಿ ಗಾಡಿ ಓಡಿಸಿದರೆ ನಷ್ಟವೇ ಅಲ್ವಾ, ಅದಕ್ಕೆ ಯುನಿವರ್ಸಿಟಿ ಬೇಕಾ?” ಅಂದರು.

ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿ.ಮೀ. 2020ರ ಲಾಕ್‌ಡೌನಿನಲ್ಲಿ ತಲಪಾಡಿ ಮುಚ್ಚಿದಾಗ ನಮ್ಮ ಕಡೆಯ ರೋಗಿಗಳು ಮಂಗಳೂರಿನ ಆಸ್ಪತ್ರೆ ಸೇರಲಾಗದೆ ತೀರಿಹೋದರು. ಹಾರುವ ಆಂಬುಲೆನ್ಸ್ ಬಂದರೂ ಗಡಿ ದಾಟಲು ಅನುಮತಿ ಬೇಕಲ್ಲ. ನನ್ನನ್ನು ಕೇಳಿದರೆ, ಹಾರುವ ಗಾಡಿಗಿಂತ ಮೊದಲು ಕಾಸರಗೋಡಿನಲ್ಲೇ ಒಂದು ದೊಡ್ಡ ಆಸ್ಪತ್ರೆ ಬೇಕು.